ಉಪ್ಪಿನ ಪ್ಯಾಕೆಟ್ ಮತ್ತು ತಾರೀಕಿನ ಚೀಟಿ

ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯ ಮುಚ್ಚಳದ ಮೇಲೆ ಒಂದು ಬಿಳಿ ಚೀಟಿ ಅಂಟಿಸಿದ್ದೇನೆ. ಅದರ ತುಂಬ ಬರೀ ತಾರೀಕುಗಳು. ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಒಡೆದದ್ದು ಯಾವಾಗ, ಮುಗಿದದ್ದು ಯಾವಾಗ, ಅಷ್ಟೇ. ಮನೆಗೆ ಬಂದವರು ಕಾಫಿ ಲೋಟ ಇಡಲು ಅಡುಗೆಮನೆಗೆ ಬಂದಾಗ ಅದನ್ನು ನೋಡಿ, "ಇದೇನ್ರೀ, ಗ್ಯಾಸ್ ಸಿಲಿಂಡರಿಗೆ ಬರೆದಿಡೋದು ನೋಡಿದೀವಿ, ಉಪ್ಪಿಗೂ ಬರೀತೀರಾ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇವತ್ತು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ನಮ್ಮದು ನಾಲ್ಕು ಜನರ ಮನೆ. ನಾನು, ನಮ್ಮನೆಯವರು, ಆಗ ಪಿಯುಸಿ ಓದುತ್ತಿದ್ದ ಮಗಳು, ಅತ್ತೆ. ಒಂದೇ ವಾರದಲ್ಲಿ ಮೂರು ರಿಪೋರ್ಟ್ ಬಂದವು. ನಮ್ಮನೆಯವರ ಬಿಪಿ 148/94. ನನ್ನ ಎಚ್‌ಬಿಎ1ಸಿ 6.1. ಮಗಳ ಹಿಮೋಗ್ಲೋಬಿನ್ 10.8. ಮೂರೂ ಆಸ್ಪತ್ರೆಗೆ ಸೇರಿಸುವಂಥವಲ್ಲ. ಆದರೆ ಮೂರೂ ಗಡಿ ದಾಟಿದ್ದವು, ಇಲ್ಲವೇ ಗಡಿಯ ಮೇಲೆ ನಿಂತಿದ್ದವು. ಅತ್ತೆಗೆ ಆಗ 74. ಮಂಡಿ ನೋವೊಂದು ಬಿಟ್ಟರೆ ಅವರಿಗೆ ಬಿಪಿ ಇಲ್ಲ, ಸಕ್ಕರೆ ಇಲ್ಲ.

ಎಚ್‌ಬಿಎ1ಸಿ ಅಂದರೆ ಏನು ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ರಕ್ತದಲ್ಲಿರುವ ಸಕ್ಕರೆ ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುತ್ತದೆ. ಆ ಕಣಗಳು ಬದುಕುವುದು ಸುಮಾರು 120 ದಿನ. ಹಾಗಾಗಿ ಈ ಪರೀಕ್ಷೆ ಹೇಳುವುದು ಇವತ್ತಿನ ಸಕ್ಕರೆಯನ್ನಲ್ಲ, ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟು ಅದನ್ನು ಒಲಿಸಿಕೊಳ್ಳಲು ಆಗುವುದಿಲ್ಲ. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವೆ ಇರುವವರು ನನ್ನಂಥವರು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಹೀಗೆ ಗಡಿಯಲ್ಲಿ ನಿಂತವರು 13.6 ಕೋಟಿ. ಅಷ್ಟು ಜನರಲ್ಲಿ ನಾನೂ ಒಬ್ಬಳು ಅಂತ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಪ್ಪ ಸಕ್ಕರೆ ಕಾಯಿಲೆಯಿಂದಲೇ ಕಾಲಿನ ಎರಡು ಬೆರಳು ಕಳೆದುಕೊಂಡವರು. ಆ ಬ್ಯಾಂಡೇಜ್ ಬಿಚ್ಚಿ ಕಟ್ಟುತ್ತಿದ್ದದ್ದು ನಾನೇ.

ಇದಕ್ಕೆ ಮೊದಲು ನಾನು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಒಂದು ವರ್ಷದ ಜಿಮ್ ಫೀಸು ಕಟ್ಟಿ 19 ದಿನ ಹೋಗಿದ್ದೆ. ಬೆಳಗ್ಗೆ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಲು ಶುರು ಮಾಡಿದ್ದೆ. ಆ ಕೆರೆಯ ಮೇಲೆ ಬೆಳಗಿನ ಮಂಜು ಏಳುವುದನ್ನು ನೋಡುವುದೇ ಒಂದು ಸುಖ. ಆದರೆ ಮಗಳ ಪರೀಕ್ಷೆ ಬಂತು, ಡಬ್ಬಿ ಕಟ್ಟುವ ಹೊತ್ತು ತಪ್ಪಿತು, ನಡಿಗೆ ನಿಂತಿತು. ಪ್ರತಿ ಸಲವೂ ನನ್ನ ಮನಸ್ಸೇ ಗಟ್ಟಿಯಿಲ್ಲ ಅಂದುಕೊಳ್ಳುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನಾನು ಒಬ್ಬಳೇ ಬದಲಾಗಲು ಹೊರಟಿದ್ದೆ. ಮನೆ ಹಾಗೇ ಇತ್ತು. ಊಟದ ಹೊತ್ತು, ಒಲೆಯ ಮೇಲಿನ ಸಾರು, ಟಿವಿ, ಕಾಫಿ ಎಲ್ಲ ಹಳೆಯ ದಾರಿಯಲ್ಲೇ ಓಡುತ್ತಿದ್ದಾಗ ಒಬ್ಬರು ಬೇರೆ ದಾರಿಯಲ್ಲಿ ಎಷ್ಟು ದಿನ ನಡೆಯಬಹುದು? ಅಭ್ಯಾಸ ಅನ್ನುವುದು ಒಬ್ಬರ ಮೈಗೆ ಅಂಟಿದ್ದು ಅಂತ ತಿಳಿದಿದ್ದೆ. ಅದು ಮನೆಗೆ ಅಂಟಿದ್ದು.

ಮೊದಲು ಉಪ್ಪಿನಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ಡಾಕ್ಟರು ನಮ್ಮನೆಯವರಿಗೆ "ಉಪ್ಪು ಕಡಿಮೆ ಮಾಡಿ" ಅಂದಾಗ ನನಗೆ ಹೊಳೆದ ಮೊದಲ ಪ್ರಶ್ನೆ, ಎಷ್ಟು ತಿನ್ನುತ್ತಿದ್ದೇವೆ ಅಂತಲೇ ಗೊತ್ತಿಲ್ಲದೆ ಕಡಿಮೆ ಮಾಡುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಹತ್ತಿರ ಹತ್ತಿರ ಒಂದು ಟೀ ಚಮಚ. ಆದರೆ ಸಾರಿಗೆ ಉಪ್ಪು ಹಾಕುವಾಗ ಯಾರು ಚಮಚ ಅಳೆಯುತ್ತಾರೆ? ಕೈಯಳತೆ ಅಲ್ವಾ. ಹಾಗಾಗಿ ಪ್ಯಾಕೆಟ್ ಒಡೆದ ದಿನ ಬರೆದಿಟ್ಟೆ, ಸುಮ್ನೆ ಕಾದೆ. ಯಾರಿಗೂ ಹೇಳಲಿಲ್ಲ, ಏನನ್ನೂ ಬದಲಿಸಲಿಲ್ಲ.

24 ದಿನಕ್ಕೆ ಪ್ಯಾಕೆಟ್ ಮುಗಿಯಿತು. ಸಾವಿರ ಗ್ರಾಂ, ನಾಲ್ಕು ಜನ, 24 ದಿನ. ಒಬ್ಬೊಬ್ಬರಿಗೆ ದಿನಕ್ಕೆ 10 ಗ್ರಾಮಿಗೂ ಸ್ವಲ್ಪ ಜಾಸ್ತಿ. ಮಿಕ್ಕ ಸಾರಿನ ಜೊತೆ ಚೆಲ್ಲಿದ್ದು, ಪಾತ್ರೆ ತೊಳೆದಾಗ ಹೋದದ್ದು ಒಂದಿಷ್ಟು ಕಳೆಯಬಹುದು. ಆದರೆ ಊರಿಂದ ಬರುವ ಉಪ್ಪಿನಕಾಯಿ, ಅಂಗಡಿಯ ಚಿಪ್ಸು, ಹಪ್ಪಳ, ಬೇಕರಿ ಬನ್ನು, ಹೊರಗೆ ತಿಂದ ಮಸಾಲೆದೋಸೆ ಯಾವುದೂ ಈ ಲೆಕ್ಕದಲ್ಲಿ ಇಲ್ಲ. ಕಾಗದದ ಮೇಲೆ ಆ ಅಂಕಿ ನೋಡಿ ನಾನು ಬಹಳ ಹೊತ್ತು ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದೆ. ಎಲ್ಲರಿಗೂ ಬಡಿಸುವ ಕೈ ನನ್ನದೇ ತಾನೇ.

ಉಪ್ಪು ಜಾಸ್ತಿಯಾದರೆ ಮೈ ಅದನ್ನು ತೆಳು ಮಾಡಲು ನೀರು ಹಿಡಿದಿಟ್ಟುಕೊಳ್ಳುತ್ತದೆ. ರಕ್ತನಾಳದಲ್ಲಿ ಹರಿಯುವುದು ಹೆಚ್ಚಾಗುತ್ತದೆ, ಗೋಡೆಯ ಮೇಲೆ ಒತ್ತಡ ಏರುತ್ತದೆ. ಇದನ್ನು ಅತ್ತೆಗೆ ಹೇಳಿದೆ. ಅವರು ಮಂಡ್ಯ ಕಡೆಯ ಹಳ್ಳಿಯವರು, ಊಟದ ವಿಷಯದಲ್ಲಿ ಯಾರ ಮಾತನ್ನೂ ಬೇಗ ಒಪ್ಪುವವರಲ್ಲ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಕಣಮ್ಮ. ಸಪ್ಪೆ ಸಾರಲ್ಲಿ ಮುದ್ದೆ ನುಂಗೋದು ಹೆಂಗೆ?" ಅಂದರು.

"ಸಪ್ಪೆ ಮಾಡಲ್ಲ ಅತ್ತೆ. ಸಾರಿಗೆ ಹಾಕೋದನ್ನ ಆಮೇಲೆ ನೋಡೋಣ. ಮೊದಲು ಮೇಲೆ ಹಾಕ್ಕೊಳ್ಳೋದನ್ನ ಬಿಡೋಣ."

ಹಾಗೇ ಮಾಡಿದೆವು. ಊಟದ ಜಾಗದಿಂದ ಉಪ್ಪಿನ ಬಟ್ಟಲು ಒಳಗೆ ಹೋಯಿತು. ಮಜ್ಜಿಗೆ ಅನ್ನಕ್ಕೆ ಉಪ್ಪೂ ಉಪ್ಪಿನಕಾಯಿಯೂ ಎರಡೂ ಬೇಡ, ಯಾವುದಾದರೂ ಒಂದು ಅಂತಾಯಿತು. ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಬಿಟ್ಟೆ, ಯಾರಿಗೂ ಗೊತ್ತೇ ಆಗಲಿಲ್ಲ. ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆ ಇರುವುದು ನಾಲಿಗೆಗೆ ತಿಳಿಯುವುದಿಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ, ಇಂಗು, ಕರಿಬೇವು ಧಾರಾಳವಾಗಿ ಹಾಕಿದೆ. ಬಸ್ಸಾರಿಗೆ ಹುಣಸೆಹುಳಿ ಚೂರು ಮುಂದಾಯಿತು. ಸಾರಿನ ಉಪ್ಪನ್ನು ಮಾತ್ರ ಎರಡು ವಾರಕ್ಕೊಮ್ಮೆ ಚಿಟಿಕೆ ಚಿಟಿಕೆಯಾಗಿ ಇಳಿಸಿದೆ. ನಾಲಿಗೆಗೆ ಹೊಸ ರುಚಿ ಒಗ್ಗಲು ಕೆಲವು ವಾರ ಬೇಕು. ಒಂದೇ ದಿನ ಅರ್ಧಕ್ಕೆ ಇಳಿಸಿದ್ದರೆ ಮನೆಯಲ್ಲಿ ಜಗಳವೇ ಆಗುತ್ತಿತ್ತು. ಎರಡನೇ ಪ್ಯಾಕೆಟ್ 31 ದಿನ ಬಂತು. ಮೂರನೆಯದು 38. ಈಗ 41ರ ಹತ್ತಿರ ನಿಂತಿದೆ, ಅಂದರೆ ಒಬ್ಬರಿಗೆ 6 ಗ್ರಾಮಿನ ಆಸುಪಾಸು. 50 ದಿನ ಬಂದರೆ 5 ಗ್ರಾಂ. ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಮೊನ್ನೆ ಒಂದು ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆಯೇ ನನ್ನ ಕಡೆ ವಾಲಿ, "ಏನ್ ಉಪ್ಪು ಸುರ್ದವ್ರೆ ಇವ್ರು" ಅಂದರು!

ಇಲ್ಲಿ ಎರಡು ಮಾತು ಹೇಳಲೇಬೇಕು. ಸೈಂಧವ ಲವಣ, ಗುಲಾಬಿ ಉಪ್ಪು ಅಂತ ಜಾಸ್ತಿ ದುಡ್ಡು ಕೊಟ್ಟು ತಂದು ಧೈರ್ಯವಾಗಿ ಸುರಿಯುವವರು ನನ್ನ ಪರಿಚಯದಲ್ಲೇ ಇದ್ದಾರೆ. ಅದೂ ಉಪ್ಪೇ, ಬಿಪಿ ಏರಿಸುವ ಸೋಡಿಯಂ ಅದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇನ್ನೊಂದು, "ಕಡಿಮೆ ಸೋಡಿಯಂ" ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ದಯವಿಟ್ಟು ತರಬೇಡಿ.

ಬಿಪಿ ನೋಡುವುದರಲ್ಲೂ ನಾವು ತಪ್ಪು ಮಾಡುತ್ತಿದ್ದೆವು. ನಮ್ಮನೆಯವರು ಸಂಜೆ ಸ್ಕೂಟರ್ ನಿಲ್ಲಿಸಿ, ಮೆಟ್ಟಿಲು ಹತ್ತಿ ಬಂದು, ಶೂ ಬಿಚ್ಚುವ ಮೊದಲೇ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಆಫೀಸಿನ ಸುದ್ದಿ ಹೇಳುತ್ತಲೇ ಬಟನ್ ಒತ್ತುತ್ತಿದ್ದರು. ಈಗ ಐದು ನಿಮಿಷ ಸುಮ್ಮನೆ ಕೂರುತ್ತಾರೆ. ಬೆನ್ನು ಕುರ್ಚಿಗೆ ಒರಗಿರಬೇಕು, ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕಿರಬೇಕು. ಅರ್ಧ ಗಂಟೆ ಮೊದಲು ಕಾಫಿ ಕುಡಿದಿರಬಾರದು, ಮಾತೂ ಆಡಬಾರದು. ಹೀಗೆ ನೋಡಿದ್ದೇ ಅಂಕಿ ಸ್ವಲ್ಪ ಇಳಿಯಿತು. ಹಾಗಂತ ಬಿಪಿ ಮಾಯವಾಗಲಿಲ್ಲ. ಒಂದು ಸಣ್ಣ ಮಾತ್ರೆ ಈಗಲೂ ಇದೆ. ಉಪ್ಪು ಕಡಿಮೆ ಮಾಡಿದೆವು ಅಂತ ಮಾತ್ರೆಯನ್ನು ನಾವೇ ನಿಲ್ಲಿಸಲಿಲ್ಲ.

ಇನ್ನು ನನ್ನ ಸಕ್ಕರೆ. ಇದಕ್ಕೆ ಬಿಡಿಸಬೇಕಾಗಿ ಬಂದದ್ದು ರಾತ್ರಿಯ ಊಟದ ಗಂಟು. ನಾವು ಉಣ್ಣುತ್ತಿದ್ದದ್ದು ಒಂಬತ್ತೂವರೆ, ಕೆಲವು ದಿನ ಹತ್ತು. ಉಂಡ ಕೈ ತೊಳೆದು, ಸೋಫಾ ಮೇಲೆ ಕೂತು, ಹನ್ನೊಂದಕ್ಕೆ ಮಲಗುವುದು. ಯಾಕೆ ಅಷ್ಟು ತಡ ಅಂತ ಒಂದು ದಿನ ಕೂತು ಯೋಚಿಸಿದೆ. ಕೆಲಸದಿಂದ ಬಂದದ್ದೇ ಆರೂವರೆಗೆ ಕಾಫಿ, ಜೊತೆಗೆ ಕೋಡುಬಳೆಯೋ ಖಾರಾಪುರಿಯೋ ಒಂದು ಬಟ್ಟಲು. ಹೊಟ್ಟೆ ತುಂಬಿದ ಹಾಗಿರುತ್ತಿತ್ತು, ಎಂಟಕ್ಕೆ ಹಸಿವೇ ಇಲ್ಲ. ಹಾಗಾಗಿ ಒಲೆ ಹಚ್ಚುವುದೇ ಎಂಟೂವರೆಗೆ. ಊಟ ಬೇಗ ಮಾಡಬೇಕಾದರೆ ಮೊದಲು ಕೋಡುಬಳೆ ಡಬ್ಬಿ ಅಟ್ಟ ಹತ್ತಬೇಕಿತ್ತು.

"ನಮ್ಮೂರಲ್ಲಿ ದೀಪ ಹಚ್ಚೋ ಹೊತ್ಗೆ ಮುದ್ದೆ ಎಸರು ಕುದೀತಿತ್ತು. ಕರೆಂಟ್ ಬಂದ್ಮೇಲೆ ಕೆಟ್ಟಿದ್ದು ಇದೆಲ್ಲ," ಅಂದರು ಅತ್ತೆ. ಈ ವಿಷಯದಲ್ಲಿ ಅವರು ಪೂರ್ತಿ ನನ್ನ ಕಡೆ.

ಈಗ ಆರೂವರೆಗೆ ಒಲೆ ಹಚ್ಚುತ್ತೇನೆ, ಏಳೂಮುಕ್ಕಾಲಿಗೆ ಎಲ್ಲರೂ ಊಟಕ್ಕೆ ಕೂರುತ್ತೇವೆ. ಮೊದಲ ವಾರ ಒಂಬತ್ತಕ್ಕೆ ಮತ್ತೆ ಹೊಟ್ಟೆ ಕರೆಯುತ್ತಿತ್ತು. ಹತ್ತನೇ ದಿನದ ಹೊತ್ತಿಗೆ ನಿಂತಿತು. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಊಟದ ಹೊತ್ತು ಬದಲಿಸಬೇಕು, ಇಲ್ಲದಿದ್ದರೆ ರಾತ್ರಿ ಸಕ್ಕರೆ ತೀರಾ ಇಳಿದುಬಿಡಬಹುದು.

ತಟ್ಟೆಯಲ್ಲೂ ಸಣ್ಣ ಬದಲಾವಣೆ ಆಯಿತು. ರಾಗಿ ತಿಂದರೆ ಸಕ್ಕರೆ ಬರುವುದೇ ಇಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ನನಗೂ ಇತ್ತು. ರಾಗಿ ನಿಜಕ್ಕೂ ಒಳ್ಳೆಯ ಧಾನ್ಯ. ನೂರು ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಗಿಂತ ನಾರು ಎಷ್ಟೋ ಹೆಚ್ಚು. ಆದರೆ ಅದರ ಬಹುಪಾಲು ಪಿಷ್ಟವೇ, ಅಂದರೆ ಮೈಯೊಳಗೆ ಸಕ್ಕರೆಯಾಗುವಂಥದ್ದು. ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಅನ್ನ ಕಲಸಿಕೊಂಡರೆ ರಾಗಿ ಏನು ಮಾಡೀತು? ನುಣ್ಣಗೆ ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ ರಕ್ತಕ್ಕೆ ಇಳಿಯುತ್ತದೆ. ಈಗ ಒಂದೇ ಮುದ್ದೆ, ಅದೂ ಮೊದಲಿಗಿಂತ ಚಿಕ್ಕದು. ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ತಟ್ಟೆಯ ಅರ್ಧ. ಮೊದಲು ಪಲ್ಯ ನಾಲ್ಕು ತುತ್ತು, ಆಮೇಲೆ ಮುದ್ದೆ. ಹುರುಳಿಕಾಳು, ಅವರೆಕಾಳು, ಹೆಸರುಕಾಳು ವಾರಕ್ಕೆ ನಾಲ್ಕು ದಿನವಾದರೂ ನೆನೆಯುತ್ತವೆ. ಭಾನುವಾರದ ಬಾಡೂಟ ಬಿಟ್ಟಿಲ್ಲ, ಅದನ್ನು ಮಧ್ಯಾಹ್ನಕ್ಕೆ ಸರಿಸಿದ್ದೇವೆ.

ಊಟ ಆದಮೇಲೆ ನಡಿಗೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ. ಉಂಡ ಒಂದು-ಒಂದೂವರೆ ಗಂಟೆಯೊಳಗೆ ರಕ್ತದ ಸಕ್ಕರೆ ತುದಿಗೆ ಏರುತ್ತದೆ. ಆ ಹೊತ್ತಲ್ಲಿ ಕಾಲಿನ ಮಾಂಸಖಂಡಗಳು ಕೆಲಸ ಮಾಡುತ್ತಿದ್ದರೆ ಅವು ರಕ್ತದಿಂದ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ, ಇನ್ಸುಲಿನ್ ಹೆಚ್ಚು ಬೇಕಾಗುವುದಿಲ್ಲ. ಅದಕ್ಕೆ ಓಡಬೇಕಾಗಿಲ್ಲ, ಬೆವರಬೇಕಾಗಿಲ್ಲ. ನಮ್ಮ ಬೀದಿಯ ಗಣಪತಿ ದೇವಸ್ಥಾನದವರೆಗೆ ಹೋಗಿ, ಪಾರ್ಕಿನ ಪಕ್ಕದ ರಸ್ತೆಯಲ್ಲಿ ಬಳಸಿಕೊಂಡು ಬಂದರೆ ಹದಿನೈದು ನಿಮಿಷ. ನಾವು ನಾಲ್ಕೂ ಜನ ಹೋಗುತ್ತೇವೆ. ಅತ್ತೆ ದೇವಸ್ಥಾನದವರೆಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ನಾವು ವಾಪಸ್ ಬರುವಾಗ ಎದ್ದು ಸೇರಿಕೊಳ್ಳುತ್ತಾರೆ. ಆ ಕಟ್ಟೆಯಲ್ಲಿ ಈಗ ಅವರಿಗೆ ಇಬ್ಬರು ಗೆಳತಿಯರಾಗಿದ್ದಾರೆ. ಮಗಳು ಕಾಲೇಜಿನ ಸಂಗತಿಗಳನ್ನು ನನಗೆ ಹೇಳುವುದು ಆ ಹದಿನೈದು ನಿಮಿಷದಲ್ಲೇ. ಮನೆಯೊಳಗೆ ಎದುರಿಗೆ ಕೂರಿಸಿಕೊಂಡು ಕೇಳಿದರೆ "ಏನಿಲ್ಲ" ಅನ್ನುವವಳು, ಪಕ್ಕದಲ್ಲಿ ನಡೆಯುವಾಗ ತಾನಾಗಿಯೇ ಬಾಯಿ ಬಿಡುತ್ತಾಳೆ.

ನಮ್ಮನೆಯವರ ಕೈಗಡಿಯಾರ ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ದಿನಾ ಹೇಳುತ್ತಿತ್ತು, ಅವರು ದಿನಾ ಬೇಸರ ಮಾಡಿಕೊಳ್ಳುತ್ತಿದ್ದರು. ಆ ಹತ್ತು ಸಾವಿರದ ಮೂಲ ಹುಡುಕಿದರೆ ಅದು ಸಿಗುವುದು ಜಪಾನಿನಲ್ಲಿ. 1965ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ "ಹತ್ತು ಸಾವಿರ ಹೆಜ್ಜೆಯ ಮೀಟರ್" ಅನ್ನುವ ಅರ್ಥದ ಹೆಸರಿಟ್ಟಿದ್ದರು. ಡಾಕ್ಟರು ಬರೆದುಕೊಟ್ಟ ಅಂಕಿ ಅಲ್ಲ ಅದು. ಅದಕ್ಕಿಂತ ಎಷ್ಟೋ ಕಡಿಮೆ ನಡೆದರೂ ಮೈಗೆ ಒಳ್ಳೆಯದು ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ರಾತ್ರಿಯ ಹದಿನೈದು ನಿಮಿಷ, ಬೆಳಗ್ಗೆ ಬಸ್ ಸ್ಟಾಪಿಗೆ ಬಿರುಸಾಗಿ ನಡೆಯುವ ಹತ್ತು ನಿಮಿಷ, ಇಷ್ಟು ಸೇರಿದರೇ ವಾರಕ್ಕೆ ನೂರೈವತ್ತರ ಹತ್ತಿರ ಹೋಗುತ್ತದೆ. ವರ್ಷ ಕಳೆದ ಮೇಲೆ ನನ್ನ ಎಚ್‌ಬಿಎ1ಸಿ 5.7ಕ್ಕೆ ಬಂತು. ಇನ್ನೂ ಗಡಿಯ ಕಲ್ಲಿನ ಮೇಲೇ ನಿಂತಿದ್ದೇನೆ. ಆದರೆ ಮುಖ ಈಗ ಈಚೆ ಕಡೆಗಿದೆ.

ಅತ್ತೆಯ ವಿಷಯ ಒಂದು ಬರೆಯದೆ ಇರಲಾರೆ. ಅವರು ಇವತ್ತಿಗೂ ಸೊಪ್ಪು ಬಿಡಿಸುವುದು ನೆಲದ ಮೇಲೆ ಕೂತು. ಹಳೆಯ ಪೇಪರ್ ಹಾಸಿ, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ದಂಟಿನ ಸೊಪ್ಪನ್ನು ಒಂದೊಂದೇ ಎಲೆ ನೋಡಿ ಬಿಡಿಸುತ್ತಾರೆ. ಮುಗಿದ ಮೇಲೆ ಮಂಡಿಯ ಮೇಲೆ ಒಂದು ಕೈ ಊರಿ "ಶಿವನೇ" ಅಂತ ಎದ್ದುಬಿಡುತ್ತಾರೆ. ಅವರಿಗಿಂತ 27 ವರ್ಷ ಚಿಕ್ಕವಳು ನಾನು. ಒಂದು ದಿನ ಅವರ ಜೊತೆ ಕೂತು ಅವರೆಕಾಯಿ ಸುಲಿದು ಏಳಲು ಹೋದರೆ ಮಂಚದ ಅಂಚು ಹಿಡಿಯಬೇಕಾಯಿತು. ಎದೆ ಧಸಕ್ ಅಂತು. ಕುರ್ಚಿ, ಸೋಫಾ, ಸ್ಕೂಟರ್, ಡೈನಿಂಗ್ ಟೇಬಲ್. ನಾನು ನೆಲಕ್ಕೆ ಕೂತು ಎಷ್ಟು ವರ್ಷವಾಗಿತ್ತೋ.

ಬ್ರೆಜಿಲ್ ದೇಶದ ಸಂಶೋಧಕರು 51ರಿಂದ 80 ವರ್ಷದ 2,002 ಜನರಿಗೆ ಹೀಗೇ ನೆಲಕ್ಕೆ ಕೂತು ಏಳಲು ಹೇಳಿ, ಅಂಕ ಕೊಟ್ಟು, 2012ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ್ದರು. ಒಟ್ಟು ಹತ್ತು ಅಂಕ. ಕೈ ಊರಿದರೆ, ಮಂಡಿ ಊರಿದರೆ ಒಂದೊಂದು ಕಳೆಯುವುದು. ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ತೀರಿಕೊಂಡವರು ಹೆಚ್ಚು. ನೆಲಕ್ಕೆ ಕೂತರೆ ಆಯುಷ್ಯ ಬೆಳೆಯುತ್ತದೆ ಅಂತ ಇದರ ಅರ್ಥ ಅಲ್ಲ. ಕಾಲಿನ ಬಲ, ಕೀಲಿನ ಸಡಿಲ, ಮೈಯ ತೂಕ ಹಿಡಿಯುವ ಶಕ್ತಿ ಎಲ್ಲ ಆ ಒಂದು ಏಳುವಿಕೆಯಲ್ಲಿ ಕಾಣಿಸುತ್ತದೆ, ಅಷ್ಟೇ. ಆದರೂ ಆವತ್ತಿನಿಂದ ಸೊಪ್ಪು ಬಿಡಿಸುವಾಗ ಅತ್ತೆಯ ಪಕ್ಕ ನಾನೂ ಕೂರುತ್ತೇನೆ. ಮೂರು ತಿಂಗಳಿಗೆ ಮಂಚದ ಅಂಚು ಬೇಡವಾಯಿತು. ಮಂಡಿ ಸವೆದವರು, ಆಪರೇಷನ್ ಆದವರು ಇದನ್ನು ಹಟದಿಂದ ಮಾಡಬಾರದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೂ ಒಳ್ಳೆಯ ವ್ಯಾಯಾಮವೇ.

ಮಗಳ ಹಿಮೋಗ್ಲೋಬಿನ್ನಿಗೆ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಅದೇ ಮುಖ್ಯ ಚಿಕಿತ್ಸೆ. ನಾವು ಮನೆಯಲ್ಲಿ ಬದಲಿಸಿದ್ದು ಕಾಫಿಯನ್ನು. ಅವಳು ಇಡ್ಲಿ ತಿನ್ನುತ್ತಲೇ ಕಾಫಿ ಗುಟುಕರಿಸುತ್ತಿದ್ದಳು. ಕಾಫಿ-ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. 2024ರಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರದ ಮಾರ್ಗಸೂಚಿಯಲ್ಲೂ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆದಮೇಲೆ ಕಾಫಿ-ಟೀ ಬೇಡ ಅಂದಿದ್ದಾರೆ. ಹಾಗಾಗಿ ಬೆಳಗಿನ ಕಾಫಿ ಎದ್ದ ಕೂಡಲೇ, ತಿಂಡಿಯ ಜೊತೆ ನೀರು. ಸೊಪ್ಪಿನ ಪಲ್ಯಕ್ಕೆ ಹಿಂಡುವ ನಿಂಬೆಹಣ್ಣು ಇಲ್ಲೂ ಕೆಲಸಕ್ಕೆ ಬಂತು, ಅದರ ಸಿ ವಿಟಮಿನ್ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಈಗ ಅವಳ ಹಿಮೋಗ್ಲೋಬಿನ್ 12 ದಾಟಿದೆ.

ಸಂಜೆಯ ಕಾಫಿ ನಾಲ್ಕು ಗಂಟೆಯಾದ ಮೇಲೆ ನಾನು ಕುಡಿಯುವುದಿಲ್ಲ. ಕಾಫಿಯಲ್ಲಿ ನಿದ್ದೆ ಓಡಿಸುವ ಕೆಫೀನ್ ಇರುತ್ತದೆ, ಅದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಆರೂವರೆಯ ಕಾಫಿ ಹನ್ನೊಂದೂವರೆಗೂ ಅರ್ಧ ಮೈಯಲ್ಲೇ ಇರುತ್ತಿತ್ತು ಅನ್ನುವುದು ತಿಳಿದಾಗ ನನ್ನ ಎಷ್ಟೋ ರಾತ್ರಿಗಳ ಅರ್ಥ ಆಯಿತು.

ನಿದ್ದೆ ಮಾತ್ರ ಇನ್ನೂ ನಮ್ಮ ಕೈಗೆ ಪೂರ್ತಿ ಸಿಕ್ಕಿಲ್ಲ. ದೊಡ್ಡವರಿಗೆ ರಾತ್ರಿ ಏಳು ಗಂಟೆಯಾದರೂ ಬೇಕು. ಹತ್ತೂಕಾಲಿಗೆ ದೀಪ ಆರಿಸುತ್ತೇವೆ, ಆದರೆ ದೀಪ ಆರಿದ ಮೇಲೆ ಫೋನುಗಳು ಹೊತ್ತಿಕೊಳ್ಳುತ್ತವೆ. ಬೈದು ನೋಡಿದೆ, ಕೇಳಿ ನೋಡಿದೆ, ಆಗಲಿಲ್ಲ. ಕೊನೆಗೆ ಹೋದ ತಿಂಗಳು ಚಾರ್ಜರುಗಳನ್ನೆಲ್ಲ ಮಲಗುವ ಕೋಣೆಗಳಿಂದ ತೆಗೆದು ಹಾಲ್‌ನ ಕಪಾಟಿನ ಮೇಲೆ ಒಂದೇ ಕಡೆ ಜೋಡಿಸಿದೆ. ಅಲಾರಮ್ಮಿಗೆ ಅಂತ ಎರಡು ಗಡಿಯಾರ ತಂದೆ. ಯಾರಿಗೂ ಏನೂ ಹೇಳಲಿಲ್ಲ.

ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ನೀರು ಕುಡಿಯಲು ಎದ್ದೆ. ಹಾಲ್‌ನಲ್ಲಿ ಕತ್ತಲೆ. ಕಪಾಟಿನ ಮೇಲೆ ಮೂರು ಫೋನು ಸಾಲಾಗಿ ಮಲಗಿದ್ದವು. ನಮ್ಮನೆಯವರದ್ದು, ಮಗಳದ್ದು, ಅತ್ತೆಯ ಬಟನ್ ಫೋನು. ನಾಲ್ಕನೆಯದು ನನ್ನದು, ದಿಂಬಿನ ಪಕ್ಕ ಇತ್ತು. ಒಳಗೆ ಹೋಗಿ ಅದನ್ನು ತಂದು, ಸಾಲಿನ ಕೊನೆಯಲ್ಲಿಟ್ಟು ಮಲಗಿದೆ.